ಕರೆ ಬಂದ ಗಾಡಿಯೊಡನೆ ಹುಮನಾಬಾದಿಗೆ

ಆ ದಿನ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ ನೀರು ಹಾಕಿದೆ. ನಳ ಬಂದಿತ್ತು, ಕೊಡ ತೊಳೆದು ತುಂಬಿಸಿಟ್ಟೆ. ಹಾಲು ಕಾಯಿಸಿದೆ. ನಮ್ಮವರ ಎರಡೂ ಕಣ್ಣಿಗೆ ಹನಿ ಹಾಕಿ, ರೆಪ್ಪೆ ಮುಚ್ಚಿಕೊಂಡು ಕೂರಿ ಎಂದು ಹೇಳಿ, ಜೋಳದ ರೊಟ್ಟಿ ಬಡಿದೆ. ಒಂದು ಪಾಲು ಅವರಿಗೆಂದು ಬಟ್ಟೆಯಲ್ಲಿ ಸುತ್ತಿಟ್ಟು, ಇನ್ನೊಂದು ಪಾಲನ್ನು ದಾರಿಗೆ ಬುತ್ತಿ ಕಟ್ಟಿದೆ. ಶೇಂಗಾ ಚಟ್ನಿ ಕುಟ್ಟಿದೆ. ತೊಳೆದ ಬಟ್ಟೆ ಹಗ್ಗಕ್ಕೆ ಹಾಕಿದೆ. ಕೊನೆಗೆ ಅಂಗಳದಲ್ಲಿದ್ದ ಗಾಡಿಯ ಮೇಲಿನ ತಾಡಪತ್ರಿ ತೆಗೆದು ಮಡಚಿ, ಗಾಜು ಒರೆಸಿ, ಮುಂಭಾಗಕ್ಕೆ ಅರಿಷಿಣ ಕುಂಕುಮ ಹಚ್ಚಿ ಆರತಿ ಬೆಳಗಿದೆ. ಅದನ್ನು ಹುಮನಾಬಾದಿಗೆ ಒಯ್ದು ಕಂಪನಿಯವರಿಗೆ ಒಪ್ಪಿಸಿ ಬರುವ ದಿನ ಅದು.

ಗಾಡಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ಲಾರಿ ನಡೆಸಿದವರು. ಮೊದಲು ಡ್ರೈವರ್ ಆಗಿ, ಆಮೇಲೆ ಒಂದು ಲಾರಿಯ ಮಾಲಕರಾಗಿ. ನಮ್ಮ ಬಸವಕಲ್ಯಾಣದಲ್ಲಿ ಅಂಥ ಮನೆಗಳು ಬಹಳ. ಬೆನ್ನು ನೋವು ಹೆಚ್ಚಾದಾಗ ಲಾರಿ ಮಾರಿದರು. ಆ ದುಡ್ಡಿನಲ್ಲಿ ಎರಡೆಕರೆ ಹೊಲ ಹಿಡಿಯುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಹೈದರಾಬಾದಿಗೆ ಹೋಗಿ, ಡಾಕ್ಟರೊಬ್ಬರು ಓಡಿಸಿ ಬಿಟ್ಟಿದ್ದ ಪರದೇಶದ ಕಂಪನಿಯ ಕರಿ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಗೋಣು ಎತ್ತಿ ನೋಡಬೇಕು, ಅಷ್ಟು ಎತ್ತರ. ಹೊಸದಿದ್ದಾಗ ಅದರ ಬೆಲೆಗೆ ಎರಡು ಲಾರಿ ಬರುತ್ತಿದ್ದವಂತೆ. ಓಣಿಯ ಮಕ್ಕಳು ಅದಕ್ಕೆ ಮಂತ್ರಿ ಗಾಡಿ ಎಂದು ಹೆಸರಿಟ್ಟರು. ಇದು ನಮಗ್ಯಾಕೆ ಎಂದು ಕೇಳಿದ್ದಕ್ಕೆ ಅವರು, "ಜನ್ಮಾ ಎಲ್ಲಾ ಎತ್ತರದಾಗ ಕುಂತು ಗದ್ಲ ಕೇಳೀನಿ. ಈಗ ಎತ್ತರದಾಗ ಕುಂತು ಸುಮ್ಮ ಇರಬೇಕನಸ್ತು" ಅಂದರು.

ಮೊದಮೊದಲು ಗಾಡಿ ಹೇಳಿದ ಹಾಗೆ ಕೇಳಿತು. ಸಂಜೆ ಸಸ್ತಾಪುರ ಬಂಗ್ಲಾ ಕ್ರಾಸಿನವರೆಗೆ ಹೋಗಿ ಹೆದ್ದಾರಿಯ ಅಂಚಿನಲ್ಲಿ ಚಹಾ ಕುಡಿದು ಬರುತ್ತಿದ್ದೆವು. ನಮಗೆ ಮಕ್ಕಳಿಲ್ಲ. ಮನೆಯೊಳಗೆ ನಮ್ಮ ಮಾತು ಉಪ್ಪು, ನೀರು, ಕರೆಂಟು ಇಷ್ಟರಲ್ಲೇ ಮುಗಿಯುತ್ತಿತ್ತು. ಗಾಡಿಯಲ್ಲಿ ಕೂತರೆ ಮಾತ್ರ ಅವರಿಗೆ ಮಾತು ಬರುತ್ತಿತ್ತು. ಆಮೇಲೆ ಒಂದೊಂದೇ ಶುರುವಾಯಿತು. ಗಾಡಿಯ ಛತ್ತಿನಲ್ಲಿದ್ದ ಗಾಜಿನ ಸುತ್ತಲ ನೀರು ಹೋಗುವ ಕೊಳವೆ ಕಟ್ಟಿಕೊಂಡು, ಮಳೆನೀರು ಕಾಲಡಿಗೆ ಬಂದು ಒಳಗೆಲ್ಲ ಮುಗ್ಗಲು ವಾಸನೆ. ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿದ್ದು ಆರಲೇ ಇಲ್ಲ. ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರಿನ ಚೀಲಗಳ ಮೇಲೆ ನಿಲ್ಲುತ್ತದೆ. ಆ ಗಾಳಿ ತುಂಬುವ ಪಂಪು ಸುಟ್ಟಿತು. ಲಾರಿಯ ಎಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ ನಟ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯ ಸುತ್ತ ತಿರುಗುತ್ತಿದ್ದರು, ಎಲ್ಲಿ ಹಚ್ಚಬೇಕೆಂದು ತಿಳಿಯುತ್ತಿರಲಿಲ್ಲ. ನಮ್ಮೂರಿನ ಮಿಸ್ತ್ರಿಯೂ ನೋಡಿ, "ಇದಕ್ಕ ಪಾನಾ ಅಲ್ರಿ ಯಜಮಾನ್ರ, ಕಂಪ್ಯೂಟರ್ ಬೇಕು" ಎಂದು ಕೈ ತೊಳೆದುಕೊಂಡ. ಪುಣೆಯಿಂದ ಹಳೆಯ ಪಂಪು ತರಿಸಿದೆವು. ಅದರ ಖರ್ಚಿನಲ್ಲಿ ನಮ್ಮ ಲಾರಿಗೆ ಎರಡು ಹೊಸ ಟಾಯರ್ ಬರುತ್ತಿದ್ದವು.

ಗಾಡಿಗೆ ಹಳದಿ ದೀಪ ಹತ್ತಿದ ಹೊತ್ತಿಗೇ ಇವರ ಕಣ್ಣು ಕೈಕೊಟ್ಟಿತು. ಕಣ್ಣಿನ ಒತ್ತಡದ ಬೇನೆ. ಎದುರಿಗಿದ್ದದ್ದು ಕಾಣುತ್ತದೆ, ಎಡಬಲ ಕಾಣುವುದಿಲ್ಲ, ಕೊಳವೆಯೊಳಗಿಂದ ನೋಡಿದ ಹಾಗೆ. ಸೊಲ್ಲಾಪುರದ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದರು. ಅಂದಿನಿಂದ ಅವರು ಓಣಿ ದಾಟುವುದೂ ನಿಂತಿತು. ದಿನಾ ಸಂಜೆ ತಾಡಪತ್ರಿಯ ಒಂದು ಮೂಲೆ ಎತ್ತಿ ಗಾಡಿಯೊಳಗೆ ಡ್ರೈವರ್ ಸೀಟಿನಲ್ಲಿ ಹೋಗಿ ಕೂರುತ್ತಾರೆ. ಬಾಗಿಲು ಹಾಕಿಕೊಳ್ಳುತ್ತಾರೆ. ಕತ್ತಲಾದ ಮೇಲೆ ಬಂದು ಉಣ್ಣುತ್ತಾರೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಕರೆಯುವುದಿಲ್ಲ. ಗಾಡಿ ಹೋದರೆ ಇವರು ಎಲ್ಲಿ ಕೂರಬೇಕು? ಆ ವಾರವೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಹೋಗುವುದೆಂದು ಹೇಗೆ ತಿಳಿಯಿತೆಂದರೆ, ಹೈದರಾಬಾದಿನ ಕಂಪನಿಯ ವರ್ಕ್‌ಶಾಪಿನಿಂದ ಫೋನು ಬಂದಿತ್ತು. ಹಿಂದಿ, ಇಂಗ್ಲಿಷ್ ಬೆರೆಸಿ ಬಿರಬಿರನೆ ಮಾತಾಡಿದರು. ನಮ್ಮವರು ಫೋನನ್ನು ಮಸ್ತಾನ ಭೈ ಕೈಗೆ ಕೊಟ್ಟರು. ಮಸ್ತಾನ ಭೈ ನಮ್ಮ ಪಕ್ಕದ ಮನೆಯವರು, ನಮ್ಮ ಲಾರಿಯನ್ನೇ ಹತ್ತಾರು ವರ್ಷ ನಡೆಸಿದವರು. ಅವರು ಕೇಳಿಸಿಕೊಂಡು, "ಮಾಲಕ್, ರಿಕಾಲ್ ಅಂತ. ಕಂಪನಿಯವ್ರು ಗಾಡಿ ವಾಪಸ್ ಕರದಾರ. ಹುಮನಾಬಾದಕ್ಕ ಅವರ ಮಂದಿ ಬರ್ತಾರಂತ, ಹೈವೇ ಹೋಟಲ್‌ದಾಗ, ಅಲ್ಲಿಗಿ ತರ್ರಿ ಅಂದ್ರು" ಎಂದರು. ಲಾರಿ ಮಂದಿಗೆ ಈ ಮಾತಿಗೆ ಒಂದೇ ಅರ್ಥ. ಸಾಲ ಕೊಟ್ಟ ಆಫೀಸಿನವರು ಫೋನು ಮಾಡಿ ಗಾಡಿ ವಾಪಸ್ ಎಂದರೆ ಗಾಡಿ ಎಳೆದುಕೊಂಡು ಹೋಗುತ್ತಾರೆ, ಅಷ್ಟೇ. ನಮ್ಮ ಮೇಲೆ ಸಾಲವಿರಲಿಲ್ಲ, ಆದರೂ ಯಾಕೆ ಎಂದು ಮೂವರಲ್ಲಿ ಯಾರೂ ತಿರುಗಿ ಕೇಳಲಿಲ್ಲ. ನಮ್ಮವರು, "ಹಿಂದಿನವ್ರ ಕಾಗದ ಸರಿ ಇರ್ಲಿಕ್ಕಿಲ್ಲ. ಹೋಗ್ಲಿ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಓಣಿಯಲ್ಲಿ ಮಾತು ಹಬ್ಬಿತು. "ಮಂತ್ರಿ ಗಾಡಿಗಿ ಕರಿ ಬಂತಂತ" ಅಂದರು. ನಮ್ಮ ಕಡೆ ಕರೆ ಬಂತು ಎನ್ನುವುದು ದೇವರ ಹತ್ತಿರ ಹೊರಟವರಿಗೆ. ಎದುರು ಮನೆಯ ಮುದುಕಿ ಬಂದು ಗಾಡಿಯ ಬೆನ್ನು ಸವರಿ, "ಎತ್ತು ಕೊಟ್ರೂ ಕಣ್ಣಿ ಕೊಡಬಾರದವ್ವಾ. ಏನರೆ ಒಂದ್ ತಗದ್ ಇಟ್ಕೋ, ಇಲ್ಲಂದ್ರ ಮನಿ ಲಕ್ಷ್ಮಿ ಅದರ ಹಿಂದ ಹೋಗ್ತಾಳ" ಅಂದಳು. ಎತ್ತು ಮಾರುವಾಗ ಕೊರಳ ಕಣ್ಣಿಯನ್ನು ಬಿಚ್ಚಿ ಮನೆಯಲ್ಲಿ ಉಳಿಸಿಕೊಳ್ಳುವುದು ನನ್ನ ತವರು ಕೊಡಂಬಲದಲ್ಲೂ ಇತ್ತು. ಅಪ್ಪ ಹಾಗೆ ಉಳಿಸಿಕೊಂಡ ಹಗ್ಗಗಳು ಗೂಟಕ್ಕೆ ತೂಗುತ್ತಿದ್ದವು. ಗಾಡಿಗೆ ಕಣ್ಣಿ ಯಾವುದು? ಹಿಂದಿನ ಡಿಕ್ಕಿಯಲ್ಲಿ ಹುಡುಕಿದಾಗ ಸಣ್ಣ ಕರಿ ಚೀಲದೊಳಗೆ ಲೋಟದಂಥ ಗಟ್ಟಿ ಕಬ್ಬಿಣದ ತುಂಡು ಸಿಕ್ಕಿತು. ಯಾತರದ್ದೋ ಗೊತ್ತಿರಲಿಲ್ಲ. ಸಣ್ಣದು, ಭಾರವಿದೆ, ಚಂದ ಇದೆ ಎಂದು ತೊಳೆದು ಕುಂಕುಮವಿಟ್ಟು ದೇವರ ಜಗಲಿಯ ಮೇಲಿಟ್ಟೆ.

ಹೊರಡುವಾಗ ನಮ್ಮವರು ಬಾಗಿಲಿಗೆ ಬರಲಿಲ್ಲ. ಒಳಗಿಂದಲೇ, "ಡಿಸೇಲ್ ಅದ ಏನು ನೋಡ್ಕೋ" ಎಂದರು. ಕೊಟ್ಟು ಬರುವ ಗಾಡಿಗೆ ಡಿಸೇಲ್ ಯಾಕೆ ಎಂದುಕೊಂಡು ಬುತ್ತಿ ಎತ್ತಿಕೊಂಡೆ.

ಮಸ್ತಾನ ಭೈ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಕಾರ್ತಿಕದ ಮುಂಜಾವು, ಗಾಳಿ ತಣ್ಣಗಿತ್ತು. ಕಲ್ಯಾಣದಿಂದ ಹುಮನಾಬಾದಿಗೆ ಮೂವತ್ತು ಕಿಲೋಮೀಟರ್ ಮೇಲೆ ಸ್ವಲ್ಪ. ಬಸ್ಸಿಗೆ ಹೋದರೆ ಮುಕ್ಕಾಲು ತಾಸು, ಹೆಂಗಸರಿಗೆ ಟಿಕೇಟಿನ ದುಡ್ಡೂ ಇಲ್ಲ. ನಮಗೆ ಅದಕ್ಕಿಂತ ಹೊತ್ತು ಹಿಡಿಯಿತು. ಹೆದ್ದಾರಿಗೆ ಹತ್ತುವ ಮೊದಲೇ ಫಲಕದಲ್ಲಿ ಇನ್ನೊಂದು ದೀಪ ಹತ್ತಿ, ನನ್ನ ಕಡೆಯ ಮುಂದಿನ ಗಾಲಿ ಕೆಳಗಿಳಿದ ಹಾಗಾಯಿತು.

"ಕುಂಟಾಕತ್ತದ, ಭಾಬಿ," ಎಂದರು ಮಸ್ತಾನ ಭೈ. "ಅದಕೂ ಗೊತ್ತಾಗ್ಯಾದ. ಗಂಡನ ಮನಿಗಿ ಹೋಗೋ ಹುಡಗಿ ಹಂಗ ಕಾಲು ಎಳ್ಯಾಕತ್ತದ."

"ನಿಮಗೊಂದ್ ಎಲ್ಲಾದಕ್ಕೂ ನಗಿ."

"ನಗಲಿಲ್ಲಂದ್ರ ಏನ್ ಮಾಡ್ಲಿ? ನಿಮ್ಮ ಮಾಲಕರು ಮೂರು ದಿವಸದಿಂದ ನನ್ನ ಕೂಡ ಮಾತಾಡಿಲ್ಲ. ಫೋನ್ ನಾ ತಗೊಂಡಿದ್ದ ತಪ್ಪಂತ."

ರಾಜೇಶ್ವರದ ಹತ್ತಿರ ಚಹಾಕ್ಕೆ ನಿಂತೆವು. ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಸಾಲಾಗಿ ಹೋಗುತ್ತಿದ್ದವು; ಬಿದ್ದ ಕಬ್ಬನ್ನು ಆಯ್ದುಕೊಳ್ಳಲು ಆಡುಗಳು ರಸ್ತೆಗೇ ಬಂದಿದ್ದವು. ಮಸ್ತಾನ ಭೈ ಕಪ್ಪು ಹಿಡಿದು ಅಂಗಡಿಯವನ ಜೊತೆ ಹರಟೆಗೆ ನಿಂತರು. ನಾನು ಇಳಿಯಲಿಲ್ಲ. ಗಾಜು ಏರಿಸಿದರೆ ಹೊರಗಿನ ಸದ್ದು ಒಂದೂ ಬರುವುದಿಲ್ಲ. ಬಾಯಿಗಳು ಆಡುತ್ತವೆ, ಟ್ರ್ಯಾಕ್ಟರು ಹೋಗುತ್ತದೆ, ಏನೂ ಕೇಳುವುದಿಲ್ಲ. ನಮ್ಮವರು ಸಂಜೆಯೆಲ್ಲ ಕೂರುವುದು ಇದರೊಳಗೆ ಎಂದುಕೊಂಡು ಚಹಾ ಕುಡಿದೆ. ಚಹಾ ಬಹಳ ಸಿಹಿಯಾಗಿತ್ತು.

ಹುಮನಾಬಾದಿನಲ್ಲಿ ಹೆದ್ದಾರಿಯ ಪಕ್ಕದ ಹೋಟೆಲಿನ ಹಿಂದೆ ದೊಡ್ಡ ಬಯಲಿದೆ. ಅಲ್ಲಿ ಬಿಳಿಯ ವ್ಯಾನು ನಿಂತಿತ್ತು. ಬೀದರ, ಕಲಬುರಗಿ ಕಡೆಯ ಇನ್ನೂ ಎರಡು ಗಾಡಿ ಬಂದಿದ್ದವು. ಗಾಡಿ ಹೊತ್ತೊಯ್ಯುವ ಲಾರಿ ಇರುತ್ತದೆಂದು ನಾನು ಹುಡುಕಿದೆ. ಇರಲಿಲ್ಲ. ವ್ಯಾನಿನ ಮಿಸ್ತ್ರಿ ಶ್ರೀಕಾಂತ ಎಂಬವರು, ಜಹೀರಾಬಾದಿನ ಕಡೆಯವರು, ನಮ್ಮ ಮಾತು ಬರುತ್ತಿತ್ತು. ನಾನು ಎರಡೂ ಚಾವಿ, ಕಾಗದದ ಚೀಲ ಅವರ ಕೈಗೆ ಕೊಟ್ಟು, "ಎಲ್ಲಾ ಇದ್ರಾಗ ಅದಾವ್ರಿ. ಒಳಗ ನಮ್ಮ ಸಾಮಾನ ಏನೂ ಉಳಿದಿಲ್ಲ" ಎಂದೆ.

ಅವರು ನನ್ನ ಮುಖ ನೋಡಿದರು. "ಎರಡು ಚಾವಿ ಯಾಕ್ರಿ ಅಮ್ಮಾ? ಒಂದ ಸಾಕು. ಮಧ್ಯಾಹ್ನಕ್ಕ ಆಗ್ತದ, ಒಯ್ರಿ."

"ಎಲ್ಲಿಗಿ ಒಯ್ಲಿ?"

"ನಿಮ್ಮ ಮನಿಗಿ."

ಮಸ್ತಾನ ಭೈ ನಡುವೆ ಬಂದರು. "ಅರೇ ಸಾಹೇಬ್ರ, ವಾಪಸ್ ಕರದೀವಂತ ನೀವೇ ಫೋನ್ ಮಾಡೀರಿ."

ಶ್ರೀಕಾಂತ ನಗಲಿಲ್ಲ. ಇಂಥದ್ದು ಮೊದಲ ಸಲವಲ್ಲ ಎನ್ನುವ ಹಾಗೆ ನಿಧಾನವಾಗಿ ಹೇಳಿದರು. ವಾಪಸ್ ಕರೆಯುವುದು ಗಾಡಿ ಇಟ್ಟುಕೊಳ್ಳುವುದಕ್ಕಲ್ಲ, ಕಂಪನಿಯಿಂದಲೇ ತಪ್ಪಾದ ಒಂದು ಭಾಗವನ್ನು ಪುಕ್ಕಟೆ ಬದಲಿಸಿ ತಿರುಗಿ ಕೊಡುವುದಕ್ಕೆ. ಡ್ರೈವರ್ ಎದುರಿನ ಚಕ್ರದೊಳಗೆ ಏರ್‌ಬ್ಯಾಗ್ ಇರುತ್ತದೆ. ಗಾಡಿ ಎಲ್ಲಾದರೂ ಗುದ್ದಿದರೆ ಅದನ್ನು ಉಬ್ಬಿಸಲು ಒಂದು ಕಬ್ಬಿಣದ ಡಬ್ಬಿಯಲ್ಲಿ ಸಿಡಿಮದ್ದು ಇಟ್ಟಿರುತ್ತಾರೆ. ನಮ್ಮ ಗಾಡಿಯಂಥ ಹಳೆಯ ಗಾಡಿಗಳಲ್ಲಿ ವರ್ಷಗಟ್ಟಲೆ ಸೆಕೆ, ಹಸಿ ತಾಗಿ ಆ ಮದ್ದು ಕೆಡುತ್ತದೆ. ಕೆಟ್ಟ ಮದ್ದು ಹಾರಿದರೆ ಡಬ್ಬಿಯೇ ಒಡೆದು ಚೂರುಗಳು ಎದೆಗೆ, ಕೊರಳಿಗೆ ಬಡಿಯುತ್ತವೆ.

"ಅಂದ್ರ ಮುಂಜಾನಿಂದ ನಾ ತೋಪಿನ ಬಾಯಿ ಮುಂದ ಕುಂತಿದ್ದೇನು?" ಎಂದರು ಮಸ್ತಾನ ಭೈ.

"ಹೌದ್ರಿ."

"ಇರ್ಲಿ ಬಿಡ್ರಿ. ನನ್ನ ಮನ್ಯಾಕಿ ಮುಂದ ಕುಂತು ರೂಢಿ ಅದ."

ಅವರು ನಕ್ಕರು, ಶ್ರೀಕಾಂತರೂ ನಕ್ಕರು. ನಾನು ಹೋಟೆಲಿನ ಕಟ್ಟೆಯ ಮೇಲೆ ಕೂತೆ. ಗಾಡಿ ಹೋಗುವುದಿಲ್ಲ ಎನ್ನುವುದು ಒಂದು ಕಡೆ. ನಮ್ಮವರು ಅಂಗಳದಲ್ಲಿ ದಿನಾ ಸಂಜೆ ಆ ಡಬ್ಬಿಗೆ ಎದೆಕೊಟ್ಟು ಕೂರುತ್ತಿದ್ದರಲ್ಲ ಎನ್ನುವುದು ಇನ್ನೊಂದು. ನಿಂತ ಗಾಡಿಯಲ್ಲಿ ಅದು ತಾನಾಗಿ ಹಾರುವುದಿಲ್ಲ ಎಂದು ಶ್ರೀಕಾಂತ ಸಮಾಧಾನ ಹೇಳಿದರು.

ಮಧ್ಯಾಹ್ನದೊಳಗೆ ಹೊಸದನ್ನು ಕೂರಿಸಿದರು. ಬುತ್ತಿ ಬಿಚ್ಚಿ ಶ್ರೀಕಾಂತರಿಗೂ ರೊಟ್ಟಿ ಕೊಟ್ಟೆ. ಉಂಡು ಕೈ ತೊಳೆದ ಮೇಲೆ ಅವರು ಗಾಡಿ ಒಂದು ಕಡೆಗೆ ಕೂತದ್ದನ್ನು ನೋಡಿ, ಬಂದದ್ದಕ್ಕೆ ಅದನ್ನೂ ನೋಡಿಕೊಡುತ್ತೇನೆ, ಗಾಲಿ ಬಿಚ್ಚಬೇಕು ಎಂದರು. ಗಾಲಿಯ ನಟ್ಟುಗಳಲ್ಲಿ ಒಂದು ಬೇರೆ ತರಹದ್ದು, ಕಳ್ಳರು ಗಾಲಿ ಬಿಚ್ಚಬಾರದೆಂದು. ಅದಕ್ಕೆ ಅದರದ್ದೇ ಚಾವಿ ಬೇಕು. "ಡಿಕ್ಕಿಯೊಳಗ ಸಣ್ಣ ಕರಿ ಚೀಲ ಇರ್ತದ ನೋಡ್ರಿ, ಲೋಟದಂಗ ಒಂದ್ ತುಂಡು." ಅದಿಲ್ಲದೆ ಆಗುವುದಿಲ್ಲವೇ ಎಂದು ಕೇಳಿದೆ. ಹೈದರಾಬಾದಿನಲ್ಲಾದರೆ ಎಲ್ಲ ತರಹದವೂ ಇವೆ, ವ್ಯಾನಿನಲ್ಲಿ ಇಲ್ಲ ಎಂದರು.

ಫೋನು ಮಾಡಿದೆ. ನಮ್ಮವರು ಬಹಳ ಹೊತ್ತಿಗೆ ಎತ್ತಿದರು. "ಕೊಟ್ಟಿ ಏನು?" ಎಂದು ಕೇಳಿದರು.

"ಇಲ್ರಿ. ಅವರು ತಗೊಳ್ಳಂಗಿಲ್ಲಂತ. ರಿಪೇರಿ ಮಾಡಿ ಕೊಡಾಕ ಕರದಿದ್ದಂತ."

ಅವರು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡರು.

"ಏನ್ರಿ, ಜಗಲಿ ಮ್ಯಾಲ ಒಂದ್ ಕಬ್ಬಿಣದ ತುಂಡದ. ಅದ ಬೇಕಂತ."

"ಯಾವ ತುಂಡು?" ಅವರು ಎದ್ದು ಹೋದ ಸಪ್ಪಳ, ಗಂಟೆಗೆ ಕೈ ತಾಗಿದ ಸಪ್ಪಳ ಕೇಳಿತು. "ಏ, ಇದು ಗಾಲಿ ಚಾವಿ. ಇದಕ ಕುಂಕುಮ ಯಾಕ ಹಚ್ಚಿ?"

"ಕಣ್ಣಿ ಅಂತ ತಗದಿಟ್ಟಿದ್ದೆ."

ಅವರು ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಕಣ್ಣು ಕೆಟ್ಟ ಮೇಲೆ ಆ ನಗೆ ನಾನು ಕೇಳಿರಲಿಲ್ಲ. ಕೇಳಿದ್ದು ಫೋನಿನಲ್ಲಿ, ಹುಮನಾಬಾದಿನ ಬಯಲಿನಲ್ಲಿ ಒಬ್ಬಳೇ ನಿಂತಾಗ. "ನಾಳಿ ಮುಂಜಾನಿ ಬಸ್ಸಿಗಿ ಕಳಸ್ತೀನಿ" ಎಂದರು. ನಮ್ಮ ಕಡೆ ಕಂಡಕ್ಟರ ಕೈಯಲ್ಲಿ ಬುತ್ತಿ, ಔಷಧ, ಬಿಡಿಭಾಗ ಎಲ್ಲ ಹೋಗುತ್ತವೆ. ಆಚೆ ಕಡೆಯವರು ಬಸ್ಸು ಬರುವ ಹೊತ್ತಿಗೆ ನಿಂತಿದ್ದರೆ ಸಾಕು. ಆದರೆ ಬಸ್‌ಸ್ಟ್ಯಾಂಡಿಗೆ ಒಯ್ಯುವವರು ಯಾರು ಎಂದು ಕೇಳಬೇಕೆನ್ನುವಷ್ಟರಲ್ಲಿ ಫೋನು ಇಟ್ಟರು.

ವ್ಯಾನಿನವರು ಮರುದಿನ ಮಧ್ಯಾಹ್ನದವರೆಗೆ ಅಲ್ಲೇ ಇರುವವರಿದ್ದರು. ನಾನು ಹೋಟೆಲಿನ ಮೇಲಿನ ಖೋಲಿ ಹಿಡಿದೆ, ಆರುನೂರು ರೂಪಾಯಿ. ಮಸ್ತಾನ ಭೈ ಖೋಲಿ ಒಲ್ಲೆ ಎಂದು ಗಾಡಿಯ ಹಿಂದಿನ ಸೀಟಿನಲ್ಲೇ ಹಾಸಿಕೊಂಡರು. ಈ ವಯಸ್ಸಿನವರೆಗೆ ನಾನು ಲಾಡ್ಜಿನಲ್ಲಿ ಒಬ್ಬಳೇ ಇದ್ದವಳಲ್ಲ. ಮಂಚ ದೊಡ್ಡದಿತ್ತು, ನಾನು ಅಂಚಿಗೇ ಕೂತೆ. ಉಳಿದ ರೊಟ್ಟಿ ಒಣಗಿತ್ತು. ಹೊರಗಿಂದ ಮೊಸರು ತರಿಸಿ ನೆನೆಸಿಕೊಂಡು ಉಂಡೆ. ಬುತ್ತಿಯ ಬಟ್ಟೆ ಮಡಚಿದೆ, ಚೊಂಬು ತೊಳೆದೆ, ಸೀರೆ ಝಾಡಿಸಿ ಉಟ್ಟೆ. ಮತ್ತೇನೂ ಕೆಲಸ ಉಳಿಯಲಿಲ್ಲ. ಮುಸ್ಸಂಜೆ ಹೊತ್ತು ಫೋನು ಮಾಡಿದೆ.

"ಹನಿ ಹಾಕ್ಕೊಂಡ್ರ್ಯಾ?"

"ಹಾಕ್ಕೊಂಡೆ. ಅರ್ಧ ಗಲ್ಲಕ್ಕ ಹೋತು."

"ಉಂಡ್ರ್ಯಾ?"

"ಹೂಂ."

"ಏನ್ ಮಾಡಾಕತ್ತೀರಿ?"

"ಅಂಗಳದಾಗ ನಿಂತೀನಿ" ಎಂದರು. ಗಾಡಿ ನಿಲ್ಲುವ ಜಾಗದಲ್ಲೋ, ಬಾಗಿಲಲ್ಲೋ ಕೇಳಲಿಲ್ಲ. ಕಿಟಕಿಯಿಂದ ಹೆದ್ದಾರಿ ಕಾಣುತ್ತಿತ್ತು. ಲಾರಿಗಳ ದೀಪ ಹೈದರಾಬಾದಿನ ಕಡೆ ಒಂದು ಸಾಲು, ಸೊಲ್ಲಾಪುರದ ಕಡೆ ಒಂದು ಸಾಲು. ಹಿಂದೆ ಇವರೂ ಹೀಗೆ ಎಲ್ಲೋ ಹೋಗುತ್ತಿದ್ದಾಗ ನಾನು ಕಲ್ಯಾಣದಲ್ಲಿ ಒಬ್ಬಳೇ ಉಂಡು ಮಲಗುತ್ತಿದ್ದೆ. ಆಗ ಇಷ್ಟು ಅನ್ನಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಡೆದೇ ಹೋದೆ. ಉಪ್ಪಿಟ್ಟು ತಿಂದು ಕಲ್ಲು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಹುಡಗಿ ಎಂಬ ಊರಿನ ಹೆಂಗಸೊಬ್ಬಳು ಪುಂಡಿಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದಳು. ಯಾರು ಬರುವವರಿದ್ದಾರೆ ಎಂದು ಕೇಳಿದಳು. "ಯಾರೂ ಇಲ್ಲ, ಒಂದ್ ಸಾಮಾನ ಬರೋದದ" ಎಂದೆ. "ಸಾಮಾನಕ್ಕ ಇಷ್ಟ್ಯಾಕ ಎದ್ದ ಎದ್ದ ನೋಡ್ತಿ?" ಎಂದಳು ಅವಳು.

ಕಲ್ಯಾಣದ ಬಸ್ಸು ಬಂದಿತು. ಕಂಡಕ್ಟರ ಹತ್ತಿರ ಹೋಗಬೇಕಾದವಳು ಬಾಗಿಲ ಪಕ್ಕದಲ್ಲೇ ನಿಂತು ಇಳಿಯುವವರನ್ನೆಲ್ಲ ನೋಡಿದೆ. ಕೊಹಿನೂರಿನ ಕಡೆಯ ರೈತರು, ಕಾಲೇಜಿನ ಹುಡುಗಿಯರು, ಕೂಸು ಎತ್ತಿಕೊಂಡ ಬುರ್ಖಾದ ಹೆಂಗಸು, ಕೊನೆಗೆ ಕೋಲೂರಿದ ಒಬ್ಬ ಅಜ್ಜ. ಅಷ್ಟೇ. ಕಂಡಕ್ಟರು ಒಳಗಿಂದ ಕರೆದು, ಕರವಸ್ತ್ರದಲ್ಲಿ ಎರಡು ಗಂಟು ಹಾಕಿ ಕಟ್ಟಿದ ಚಾವಿಯನ್ನು ಕೊಟ್ಟರು.

"ನಿಮ್ಮ ಯಜಮಾನ್ರೇನ್ರಿ ಅವರು? ದಪ್ಪ ಕನ್ನಡಕ?"

"ಹೌದ್ರಿ. ಅವರೇ ಬಂದಿದ್ರೇನು?"

"ಅವರೇ. ಬಸ್ ಹತ್ತಿ ಸೀಟಿನ್ಯಾಗ ಕುಂತಿದ್ರು. ಟಿಕೇಟ್ ಹುಮನಾಬಾದ ಅಂದ್ರು, ರೊಕ್ಕಾನೂ ಕೈಯಾಗ ಇತ್ತು. ಗಾಡಿ ಚಾಲೂ ಆತು ನೋಡ್ರಿ, ಆಕಡೆ ಈಕಡೆ ನೋಡಿದ್ರು, ಇಳೀತೀನಪಾ ಅಂದ್ರು. ಇದನ್ನ ನನ್ನ ಕೈಯಾಗ ಇಟ್ಟು ಇಳದ್ಬಿಟ್ರು."

ಬಯಲಿಗೆ ತಿರುಗಿ ಬರುವವರೆಗೆ ಆ ಗಂಟು ಬಿಚ್ಚಲಿಲ್ಲ.

ಗಾಲಿ ಬಿಚ್ಚಿ ಶ್ರೀಕಾಂತ ಒಳಗೆ ದೀಪ ಹಿಡಿದು ತೋರಿಸಿದರು. ರಬ್ಬರಿನ ಚೀಲ ಮಡಿಕೆಯ ಜಾಗದಲ್ಲಿ ಹಳೆ ಚಪ್ಪಲಿಯ ಹಾಗೆ ಬಿರಿದಿತ್ತು. ಗಾಳಿ ಸೋರಿದಷ್ಟೂ ಪಂಪು ತುಂಬುತ್ತಲೇ ಇರುತ್ತದೆ, ಹಾಗೇ ಬಿಟ್ಟರೆ ಅದೂ ಮತ್ತೆ ಸುಡುತ್ತದೆ ಎಂದರು. ಇದು ವಾಪಸ್ ಕರೆದದ್ದರಲ್ಲಿ ಬರುವುದಿಲ್ಲ, ನಮ್ಮದೇ ಖರ್ಚು. ಒಂದು ಕಡೆಗೆ ಒಂದೂಕಾಲು ಲಕ್ಷ, ಮಾಡಿಸುವುದಾದರೆ ಎರಡೂ ಕಡೆ ಕೂಡಿಯೇ ಮಾಡಿಸಬೇಕು, ಅದೂ ಹೈದರಾಬಾದಿನಲ್ಲಿ. "ಅಮ್ಮಾ, ಸುಳ್ಳು ಹೇಳಂಗಿಲ್ಲ. ಈ ಗಾಡಿ ಈಗ ಮಾರಿದ್ರ ಬರೋ ರೊಕ್ಕದಾಗ ಅರ್ಧಕ್ಕಿಂತ ಹೆಚ್ಚ ಇದಕ ಹೋಗ್ತದ. ಮುಂದ ಗೇರ್‌ಬಾಕ್ಸ್ ಅದ, ಸೆನ್ಸರ್ ಅದಾವ. ಹಳೀ ದೊಡ್ಡ ಗಾಡಿ ಅಂದ್ರ ಹಿಂಗ. ಗಾಡಿ ಬೆಲಿ ಇಳೀತದ, ಸಾಮಾನಿನ ಬೆಲಿ ಇಳ್ಯಂಗಿಲ್ಲ."

ಇಷ್ಟು ಹೊತ್ತು ಹೋಟೆಲಿನ ಬಾಗಿಲಲ್ಲಿ ಹಲ್ಲುಕಡ್ಡಿ ಹಿಡಿದು ನಿಂತಿದ್ದವನೊಬ್ಬ ಹತ್ತಿರ ಬಂದ. ಹಳೆ ಗಾಡಿಗಳ ದಲ್ಲಾಳಿ, ಸೊಲ್ಲಾಪುರದ ಕಡೆಯವನು. ಇಂಥ ವ್ಯಾನು ಬಂದಲ್ಲಿ ದಲ್ಲಾಳಿಗಳೂ ಬರುತ್ತಾರಂತೆ. ಕೈಮುಗಿದು ನನ್ನನ್ನು "ತಾಯಿ" ಎಂದ. ಈಗಲೇ ಕೊಡುತ್ತೀರಾದರೆ ಮೂರು ಲಕ್ಷ, ಇಲ್ಲಿಂದಲೇ ಎತ್ತಿಸಿಕೊಂಡು ಹೋಗುತ್ತೇನೆ ಎಂದ. ನಾನು ಮಸ್ತಾನ ಭೈ ಕಡೆ ನೋಡಿದೆ. ಅವರು, "ನನ್ ಕೇಳಬ್ಯಾಡ್ರಿ ಭಾಬಿ. ಮಾಲಕರಿಗಿ ಕೇಳ್ರಿ" ಎಂದರು.

ಮಾಲಕರಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನೀ ಅಲ್ಲಿದ್ದಿ. ನೀ ನೋಡು" ಎಂದರು. ಮತ್ತೆ ಕೇಳಿದೆ. "ಕೊಟ್ರ ನಾ ಏನೂ ಅನ್ನಂಗಿಲ್ಲ. ಅಡಗಿಮನಿ ಮ್ಯಾಲಿನ ಛತ್ತು ಸೋರಾಕತ್ತದ, ಅದಾದ್ರೂ ಆಗ್ತದ" ಎಂದರು. ಛತ್ತು ಸೋರುವ ಮಾತು ನಾನು ಹೇಳಿ ಹೇಳಿ ಬಿಟ್ಟದ್ದು. ಅದು ಅವರಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ.

ಕೊಟ್ಟುಬಿಡೋಣ ಎಂದೇ ಮನಸ್ಸಾಯಿತು. ಛತ್ತಿನ ಕೆಳಗೆ ಇಡುವ ಪಾತೇಲಿ, ಪಂಪು, ಹಳದಿ ದೀಪ, ಎಲ್ಲ ಕಣ್ಣ ಮುಂದೆ ಬಂದವು. ದಲ್ಲಾಳಿ ಅಷ್ಟರಲ್ಲಿ ಡ್ರೈವರ್ ಬಾಗಿಲು ತೆರೆದು ಒಳಗೆ ಬಗ್ಗಿ ನೋಡುತ್ತಿದ್ದ. ಇದನ್ನು ಕೊಳ್ಳುವವರು ಎಲ್ಲಿ ಓಡಿಸುತ್ತಾರೆ ಎಂದು ಕೇಳಿದೆ. ಅವನಿಗೆ ನಗೆ ಬಂತು.

"ಓಡಸೋದೆಲ್ಲಿ ತಾಯಿ. ಬಿಚ್ಚೋದು. ಎಂಜಿನ್ ಒಬ್ರಿಗಿ, ಬಾಗಲಾ ಒಬ್ರಿಗಿ. ಈ ಸೀಟ್ ನೋಡ್ರಿ, ಚರ್ಮ ಹ್ಯಾಂಗದ, ಒಂದ್ ಗೀರಿಲ್ಲ. ಈ ಡ್ರೈವರ್ ಸೀಟಿಗಿ ಇವತ್ತ ಗಿರಾಕಿ ಅದಾನ, ಲಾತೂರದಾಗ. ಆಫೀಸಿನ್ಯಾಗ ಕುರ್ಚಿ ಮಾಡಸ್ತಾನಂತ."

ಹೇಳುತ್ತಾ ಅವನು ಸೀಟಿನ ಬೆನ್ನಿಗೆ ಎರಡು ಸಲ ಅಂಗೈಯಿಂದ ಬಡಿದ, ಸಂತೆಯಲ್ಲಿ ಎಮ್ಮೆಯ ಬೆನ್ನಿಗೆ ಬಡಿದ ಹಾಗೆ.

"ಕೊಡಂಗಿಲ್ರಿ," ಎಂದೆ. "ಬಾಗಲಾ ಹಾಕ್ರಿ."

ಅವನು ಬೆಲೆ ಇನ್ನಷ್ಟು ಏರಿಸಿದ. ಶ್ರೀಕಾಂತರು ಗಾಲಿಯ ನಟ್ಟು ಬಿಗಿಯುತ್ತಿದ್ದವರು ತಲೆ ಎತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ಕೆಲಸಕ್ಕೆ ತೊಡಗಿದರು. ಊರು ಮುಟ್ಟುವವರೆಗೆ ನಿಧಾನ ಹೋಗಿ, ದೂರದ ಪ್ರಯಾಣಕ್ಕೆ ತೆಗೆಯಬೇಡಿ, ನಿಲ್ಲಿಸಿದರೆ ಮುಂದಿನ ಎಡಗಡೆ ಕೂರುತ್ತದೆ, ಕೂರಲಿ ಎಂದು ಹೇಳಿದರು. ಅವರು ಏನೂ ತೆಗೆದುಕೊಳ್ಳಲಿಲ್ಲ. ಮಸ್ತಾನ ಭೈ ಅವರಿಗೆ ಬಿಸಿ ಮಿರ್ಚಿ ಭಜಿ ತಂದುಕೊಟ್ಟರು.

ತಿರುಗಿ ಬರುವಾಗ ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಬಂದೆವು. ಕಬ್ಬಿನ ಟ್ರ್ಯಾಕ್ಟರುಗಳೇ ನಮ್ಮನ್ನು ದಾಟಿಕೊಂಡು ಹೋದವು. ಒಬ್ಬ ಡ್ರೈವರ್ ಕೈ ಅಡ್ಡ ಮಾಡಿ ಏನಾಯಿತು ಎಂದು ಕೇಳಿದ. "ಮಂತ್ರಿ ಗಾಡಿ, ಹಿಂಗ ಹೋಗ್ತದ" ಎಂದು ಮಸ್ತಾನ ಭೈ ಕೂಗಿ ಹೇಳಿದರು. ಬಿಸಿಲು ಇಳಿಯುತ್ತಿತ್ತು. ಸಸ್ತಾಪುರ ಬಂಗ್ಲಾದಲ್ಲಿ ಊರ ಕಡೆ ತಿರುಗಿದೆವು.

ನಮ್ಮವರು ಅಂಗಳದ ಗೇಟು ತೆರೆದಿಟ್ಟು ನಿಂತಿದ್ದರು. ಸಪ್ಪಳದಿಂದಲೇ ಗುರುತು ಹಿಡಿದಿರಬೇಕು. ಗಾಡಿ ನಿಂತ ಮೇಲೆ ಮುಂಭಾಗದ ಮೇಲೆ ಕೈಯಾಡಿಸಿ, ಬಿಸಿ ನೋಡಿ, "ನೀರು ನೋಡಿದ್ರ್ಯಾ?" ಎಂದು ಮಸ್ತಾನ ಭೈಯನ್ನು ಕೇಳಿದರು. ನಾಲ್ಕು ದಿನದ ಮೇಲೆ ಅವರೊಡನೆ ಆಡಿದ ಮೊದಲ ಮಾತು. "ನೋಡೀನಿ ಮಾಲಕ್" ಎಂದು ಅವರು ಚಾವಿ ಕೊಟ್ಟು ಮನೆಗೆ ಹೋದರು.

ಇವರು ಹತ್ತಿ ಕೂತರು. ನಾನು ಸಾಮಾನು ಇಳಿಸಿ ಒಳಗೆ ಹೊರಟವಳನ್ನು, "ಆ ಕಡೆ ಬಂದು ಕೂಡು" ಎಂದು ಕರೆದರು. ಕೂತೆ. ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟ ಹಾಗೆ ಸದ್ದಾಗಿ ನನ್ನ ಕಡೆ ಗಾಡಿ ಕೆಳಗಿಳಿಯಿತು.

"ನೋಡು, ನೀ ಕುಂತಿ, ಇಳೀತು" ಎಂದರು.

"ನಿಮ್ಮ ಗಾಡಿ ಚಲೋ ಅದ, ನಂದ ತೂಕ."

ರಾಜೇಶ್ವರದ ಹತ್ತಿರ ತೊಗರಿ ಹೂ ಬಿಟ್ಟಿದೆಯೇ ಎಂದು ಕೇಳಿದರು. ಬಿಟ್ಟಿದೆ ಎಂದೆ. ಕಬ್ಬು ಎಷ್ಟೆತ್ತರ ಹೇರಿದ್ದಾರೆ, ಹೆದ್ದಾರಿಯಲ್ಲಿ ಲಾರಿ ಎಷ್ಟಿದ್ದವು ಎಂದು ಕೇಳಿದರು. ಹೇಳುತ್ತಾ ಹೋದೆ. ದಲ್ಲಾಳಿಯ ಮಾತು ಬಂದಾಗ ಮೂರು ಲಕ್ಷಕ್ಕೆ ಯಾಕೆ ಕೊಡಲಿಲ್ಲ ಎಂದು ಕೇಳಿದರು. ಬೆಲೆ ಕುದುರಲಿಲ್ಲ ಎಂದೆ. ಲಾತೂರಿನ ಕುರ್ಚಿಯ ವಿಷಯ ಹೇಳಲಿಲ್ಲ. ಬಸ್ಸು ಹತ್ತಿ ಇಳಿದದ್ದನ್ನು ಅವರು ಹೇಳಲಿಲ್ಲ.

ಕತ್ತಲಾದ ಮೇಲೆ ಇಳಿದೆವು. ಅವರೇ ಖಿಚಡಿ ಮಾಡಿಟ್ಟಿದ್ದರು. ತಳ ಹತ್ತಿತ್ತು, ಉಪ್ಪು ಎರಡು ಸಲ ಬಿದ್ದಿತ್ತು. ಮಜ್ಜಿಗೆ ಸುರಿದುಕೊಂಡು, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ಇಬ್ಬರೂ ಪೂರ್ತಿ ಉಂಡೆವು. ಹಾಸಿಗೆ ಹಾಸಿ ಅವರು ಮಾತು ಮುಂದುವರಿಸುತ್ತಿದ್ದರು, ಹುಮನಾಬಾದಿನ ಆ ಬಯಲಿನಲ್ಲಿ ಹಿಂದೆ ತಾವು ಲಾರಿ ನಿಲ್ಲಿಸುತ್ತಿದ್ದ ಬೇವಿನ ಗಿಡ ಇನ್ನೂ ಇದೆಯೇ ಎಂದು. ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಆ ದಿನ ಮೊದಲು ನಿದ್ದೆ ಹೋದವಳು ನಾನು.